ಇನ್ನೊಂದು ಸಲ ನೋಡಿಬಿಡೋಣ

ಬೆಳಗ್ಗೆ ಎಂಟೂಕಾಲು. ಮೈಸೂರಿನ ಕುವೆಂಪುನಗರದ ಮನೆ. ಊಟದ ಡಬ್ಬಿ ಬ್ಯಾಗಿಗೆ ಸೇರಿಸಿ, ಚಪ್ಪಲಿ ಮೆಟ್ಟಿ ಹೊಸ್ತಿಲು ದಾಟಿದ್ದೀರಿ. ಎಂಟೂವರೆಯ ಬಸ್ಸು ತಪ್ಪಿದರೆ ಆಫೀಸಿಗೆ ಇವತ್ತೂ ತಡ. ಗೇಟಿನ ಚಿಲಕಕ್ಕೆ ಕೈ ಹಾಕುವಷ್ಟರಲ್ಲಿ ಯೋಚನೆ ಬಂದೇ ಬಿಡುತ್ತದೆ: ಗ್ಯಾಸ್ ಆಫ್ ಮಾಡಿದೆನಾ?

ಮಾಡಿದ್ದೀರಿ. ಅದು ನಿಮಗೂ ಗೊತ್ತು. ಆದರೂ ಎದೆ ಹೊಡೆದುಕೊಳ್ಳುತ್ತದೆ. ಗ್ಯಾಸ್ ಸೋರಿ, ಅಮ್ಮ ಲೈಟ್ ಹಾಕಲು ಹೋಗಿ, ಮನೆ ಹತ್ತಿಕೊಂಡರೆ? ಹಾಗಾದರೆ ಅದಕ್ಕೆ ಹೊಣೆ ನೀವೇ. ಚಪ್ಪಲಿ ಬಿಟ್ಟು ಒಳಗೆ ಬರುತ್ತೀರಿ.

ಅಡುಗೆಮನೆಯಲ್ಲಿ ಒಗ್ಗರಣೆಯ ಘಮ ಇನ್ನೂ ಆರಿಲ್ಲ. ಒಲೆಯ ನಾಬ್‌ಗಳೆರಡೂ ನೆಟ್ಟಗಿವೆ. ನೋಡಿದ್ದು ಸಾಲದೆ ಒಂದೊಂದನ್ನೂ ಬೆರಳಿನಿಂದ ಒತ್ತುತ್ತೀರಿ. ಬರ್ನರ್ ಮೇಲೆ ಅಂಗೈ ಹಿಡಿಯುತ್ತೀರಿ. ಬಗ್ಗಿ ರೆಗ್ಯುಲೇಟರ್ ಮುಟ್ಟುತ್ತೀರಿ. ಬಾಯಲ್ಲಿ ‘ಆಫ್, ಆಫ್, ಆಫ್’ ಎಂಬ ಜಪ. ತಿರುಗಿ ಎರಡು ಹೆಜ್ಜೆ ಇಟ್ಟಿರೋ ಇಲ್ಲವೋ, ಹೊಸ ಅನುಮಾನ: ಒತ್ತುವಾಗ ನಾಬ್ ತಿರುಗಿಬಿಟ್ಟಿತೇ? ಮತ್ತೆ ಒಲೆಯ ಮುಂದೆ. ಈ ಸಲ ಮೊಬೈಲಿನಲ್ಲಿ ಫೋಟೋ ಕೂಡ ತೆಗೆಯುತ್ತೀರಿ. ಗ್ಯಾಲರಿಯಲ್ಲಿ ನಿನ್ನೆಯ ಒಲೆ, ಮೊನ್ನೆಯ ಒಲೆ ಸಾಲಾಗಿ ಕೂತಿವೆ.

ಬಸ್ಸು ಹತ್ತಿದ ಮೇಲೂ ಬಿಡುಗಡೆಯಿಲ್ಲ. ಫೋಟೋ ತೆಗೆದ ಮೇಲೆ ಮತ್ತೆ ನಾಬ್ ಮುಟ್ಟಿದೆನಾ? ಮನೆಗೆ ಫೋನ್ ಮಾಡುತ್ತೀರಿ.

“ಅಮ್ಮಾ, ಗ್ಯಾಸ್ ಒಂದ್ಸಲ ನೋಡು.”

“ಆಫ್ ಇದೆ ಮಗಾ. ಈಗಷ್ಟೇ ನೋಡಿದ್ನಲ್ಲ.”

ಜೀವ ಹಗುರಾಗುತ್ತದೆ. ಎರಡು ಸ್ಟಾಪ್ ದಾಟುವವರೆಗೆ ಮಾತ್ರ.

ಒಂದು ಸಲ ಹಿಂದಿರುಗಿ ಬೀಗ ಎಳೆದು ನೋಡುವುದು ಎಲ್ಲರೂ ಮಾಡುವ ಕೆಲಸ. ಅದು ಕಾಯಿಲೆಯಲ್ಲ. ಪರೀಕ್ಷೆ ಮಾಡುವುದರಲ್ಲೇ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಕಳೆದರೆ, ಅಥವಾ ಅದರಿಂದ ಕೆಲಸ, ನಿದ್ದೆ, ಸಂಬಂಧಗಳು ಕೆಟ್ಟು ತೀವ್ರ ಸಂಕಟವಾಗುತ್ತಿದ್ದರೆ, ವೈದ್ಯರು ಅದನ್ನು ಗೀಳು ಮನೋರೋಗ ಅಥವಾ ಓಸಿಡಿ ಎಂದು ಅನುಮಾನಿಸುತ್ತಾರೆ. ‘ಇದು ಅತಿಯಾಯಿತು’ ಎಂದು ತಿಳಿದೂ ನಿಲ್ಲಿಸಲಾಗದಿರುವುದೇ ಇದರಲ್ಲಿ ಹೆಚ್ಚಿನವರನ್ನು ಹಿಂಡುವ ನೋವು.

ಈಗ ಮನೋವೈದ್ಯರ ಎದುರು ಕೂತಿದ್ದೀರಿ, ಪಕ್ಕದಲ್ಲಿ ಅಮ್ಮ. ವೈದ್ಯರ ಕೈಯಲ್ಲಿ ಯೇಲ್-ಬ್ರೌನ್ ಮಾಪಕದ ಹಾಳೆ. 1989ರಿಂದ ಬಳಕೆಯಲ್ಲಿರುವ ಇದರಲ್ಲಿ ಹತ್ತು ಪ್ರಶ್ನೆಗಳು. ಪ್ರತಿಯೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಈ ಯೋಚನೆಗಳು ದಿನಕ್ಕೆ ಎಷ್ಟು ಹೊತ್ತು ಕಾಡುತ್ತವೆ? ತಡೆಯಲು ಎಷ್ಟು ಪ್ರಯತ್ನಿಸುತ್ತೀರಿ? ನೋಡದೆ ಬಿಟ್ಟರೆ ಎಷ್ಟು ಕಳವಳ? ಉತ್ತರಿಸುತ್ತಾ ಹೋದಂತೆ ನಿಮ್ಮ ದನಿ ನಡುಗುತ್ತದೆ. ಒಟ್ಟು ನಲವತ್ತಕ್ಕೆ ನಿಮ್ಮದು 22. “ಮಧ್ಯಮ ತೀವ್ರತೆ. ಚಿಕಿತ್ಸೆ ಇದೆ,” ಎನ್ನುತ್ತಾರೆ ವೈದ್ಯರು.

“ನನ್ನ ನೆನಪಿನ ಶಕ್ತಿಯೇ ಹೋಗಿದೆಯೇನೋ ಡಾಕ್ಟ್ರೇ,” ಎನ್ನುತ್ತೀರಿ.

ಅವರು ಒಂದು ಪ್ರಯೋಗದ ವಿಷಯ ಹೇಳುತ್ತಾರೆ. ನೆದರ್‌ಲ್ಯಾಂಡ್ಸ್‌ನ ಸಂಶೋಧಕರಾದ ಮಾರ್ಸೆಲ್ ವಾನ್ ಡೆನ್ ಹೌಟ್ ಮತ್ತು ಮೆರೆಲ್ ಕಿಂಟ್ 2003ರಲ್ಲಿ ಪ್ರಕಟಿಸಿದ್ದು ಅದು. ಗೀಳಿಲ್ಲದ, ಆರೋಗ್ಯವಂತ ಜನರನ್ನು ಕಂಪ್ಯೂಟರ್ ಪರದೆಯ ಮೇಲಿನ ಗ್ಯಾಸ್ ಒಲೆಯ ಮುಂದೆ ಕೂರಿಸಿ, ಹಚ್ಚುವುದು, ಆರಿಸುವುದು, ಪರೀಕ್ಷಿಸುವುದು ಇಷ್ಟನ್ನೇ ಮತ್ತೆ ಮತ್ತೆ ಮಾಡಿಸಿದರು. ಕೊನೆಯ ಸಲ ಏನನ್ನು ಪರೀಕ್ಷಿಸಿದಿರಿ ಎಂದು ಕೇಳಿದರೆ ಅವರ ಉತ್ತರ ಸರಿಯಾಗಿಯೇ ಇತ್ತು. ಆದರೆ ಆ ನೆನಪು ಮಸುಕಾಗಿತ್ತು, ಅದರ ಮೇಲಿನ ನಂಬಿಕೆ ಕುಸಿದಿತ್ತು. ಹೆಚ್ಚು ನೋಡಿದಷ್ಟೂ ಅನುಮಾನ ಹೆಚ್ಚು. ಉಪ್ಪುನೀರು ಕುಡಿದು ಬಾಯಾರಿಕೆ ಕಳೆಯಲು ಹೊರಟ ಹಾಗೆ. ನಿಮ್ಮ ನೆನಪು ಕೆಟ್ಟಿಲ್ಲ. ಅದನ್ನು ನಂಬುವ ಶಕ್ತಿಯನ್ನು ಪರೀಕ್ಷೆಯೇ ತಿಂದುಹಾಕುತ್ತಿದೆ.

ಚಿಕಿತ್ಸೆ ಮಾತಿನಲ್ಲಿ ಮುಗಿಯುವುದಿಲ್ಲ, ಮೈಯೊಡ್ಡಬೇಕು. ಭಯ ಹುಟ್ಟಿಸುವ ಸಂದರ್ಭಕ್ಕೆ ಬೇಕೆಂದೇ ಹೋಗಿ, ಪರೀಕ್ಷೆ ಮಾಡದೆ ಹಿಂದಿರುಗುವುದು ಇದರ ಕ್ರಮ. ಲಂಡನ್‌ನ ಆಸ್ಪತ್ರೆಯೊಂದರಲ್ಲಿ ವಿಕ್ಟರ್ ಮೇಯರ್ ಈ ದಾರಿ ಹಿಡಿದು, ಇಬ್ಬರು ರೋಗಿಗಳ ಅನುಭವವನ್ನು 1966ರಲ್ಲಿ ಪ್ರಕಟಿಸಿದರು. ಇಂದು ಓಸಿಡಿಗೆ ಮೊದಲು ಸೂಚಿಸುವ ಚಿಕಿತ್ಸೆಗಳಲ್ಲಿ ಇದೂ ಒಂದು. ನಿಮ್ಮ ಚಿಕಿತ್ಸಕಿ ಭಯಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಬರೆಸುತ್ತಾರೆ: ಫ್ಯಾನಿನ ಸ್ವಿಚ್‌ಗೆ ನೂರಕ್ಕೆ ಮೂವತ್ತು, ಬೀಗಕ್ಕೆ ಐವತ್ತು, ಗ್ಯಾಸಿಗೆ ಎಂಬತ್ತು. ಕೆಳಗಿನಿಂದ ಶುರು.

ಕೆಲವು ವಾರಗಳ ಮೇಲೆ ಗ್ಯಾಸಿನ ಸರದಿ. ನಾಬ್ ಒಮ್ಮೆ ತಿರುಗಿಸುತ್ತೀರಿ. ಮುಟ್ಟುವಂತಿಲ್ಲ, ಫೋಟೋ ಇಲ್ಲ, ಜಪವೂ ಇಲ್ಲ. ಗೇಟು ದಾಟುವಾಗ ಕಳವಳ ಎಂಬತ್ತೈದು. ಅಂಗೈ ಬೆವರುತ್ತದೆ, ಹೊಟ್ಟೆ ತೊಳಸುತ್ತದೆ. ‘ಆಫ್ ಆಗಿರಬಹುದು, ಆಗಿಲ್ಲದೆಯೂ ಇರಬಹುದು’ ಎಂದು ಅನುಮಾನವನ್ನು ಜೊತೆಗಿಟ್ಟುಕೊಂಡೇ ಬಸ್ಸು ಹತ್ತುತ್ತೀರಿ. ಕೈ ಫೋನಿಗೆ ಹೋಗಿಯೇ ಹೋಗುತ್ತದೆ.

“ಅಮ್ಮಾ, ಗ್ಯಾಸ್...”

ಅತ್ತ ಒಂದು ಕ್ಷಣ ಮೌನ. ಅಮ್ಮನಿಗೂ ಚಿಕಿತ್ಸಕಿ ಪಾಠ ಹೇಳಿದ್ದಾರೆ. “ಕಷ್ಟ ಆಗ್ತಿದೆ ಅಂತ ಗೊತ್ತು ಮಗಾ. ಆದ್ರೆ ಅದಕ್ಕೆ ನಾನು ಉತ್ತರ ಹೇಳಲ್ಲ. ಸಂಜೆ ಬಾ, ಕಾಫಿ ಕುಡಿಯೋಣ.”

ಆ ತಾಯಿಗೆ ‘ಆಫ್ ಇದೆ’ ಎನ್ನುವುದು ಎಷ್ಟು ಸುಲಭವಿತ್ತು! ಪ್ರೀತಿಯಿಂದಲೇ ನಾವು ಮನೆಮಂದಿ ಗೀಳಿಗೆ ಮೇವು ಹಾಕುತ್ತೇವೆ. ಬೈಯುವುದೂ ಬೇಡ, ಭರವಸೆ ಕೊಡುತ್ತಲೇ ಇರುವುದೂ ಬೇಡ. ಜೊತೆಗೆ ನಿಂತರೆ ಸಾಕು.

ಕೋರ್ಟಿನ ಸ್ಟಾಪ್ ಬರುವಾಗಲೂ ಕಳವಳ ಎಂಬತ್ತು. ಆಫೀಸಿನಲ್ಲಿ ಅರವತ್ತು. ಊಟದ ಹೊತ್ತಿಗೆ ಒಲೆ ನೆನಪಾಗುತ್ತದೆ, ಆದರೆ ತುತ್ತು ಇಳಿಯುತ್ತದೆ. ಯಾರೂ ನೋಡಿ ಹೇಳದೆ ಭಯ ತಾನಾಗಿ ಇಳಿಯಿತು. ಇದನ್ನು ಮೈ ಕಲಿಯಬೇಕು. ಅದಕ್ಕೆ ನಾಳೆಯೂ, ನಾಳಿದ್ದೂ ಇದೇ ಅಭ್ಯಾಸ.

ಬೇಕಾದಾಗ ಮಾತ್ರೆಯೂ ಜೊತೆಗಿರುತ್ತದೆ. ಫ್ಲುಆಕ್ಸೆಟಿನ್, ಸರ್ಟ್ರಾಲಿನ್‌ನಂಥ ಔಷಧಗಳು ಓಸಿಡಿಗೆ ಅನೇಕ ವೇಳೆ ಖಿನ್ನತೆಗಿಂತ ಹೆಚ್ಚಿನ ಪ್ರಮಾಣದಲ್ಲಿ ಬೇಕಾಗುತ್ತವೆ. ಪರಿಣಾಮ ಕಾಣಲು ಎಂಟರಿಂದ ಹನ್ನೆರಡು ವಾರ ಹಿಡಿಯಬಹುದು. ಹದಿನೈದು ದಿನಕ್ಕೆ ‘ಗುಣವಿಲ್ಲ’ ಎಂದು ನೀವಾಗಿ ನಿಲ್ಲಿಸಬೇಡಿ.

ಎಷ್ಟೋ ಮಂದಿ ನಾಚಿಕೆಯಿಂದ ಇದನ್ನು ವರ್ಷಗಟ್ಟಲೆ ಬಚ್ಚಿಡುತ್ತಾರೆ. ಬಚ್ಚಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಓಸಿಡಿಗೆಂದೇ ಪ್ರತ್ಯೇಕ ಚಿಕಿತ್ಸಾಲಯವಿದೆ. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಿ. ಇದು ನಿಮ್ಮ ಸ್ವಭಾವದ ದೋಷವಲ್ಲ, ಚಿಕಿತ್ಸೆಗೆ ಬಗ್ಗುವ ಕಾಯಿಲೆ.