ಗಾಳಿಯಿಲ್ಲದ ಮುಂಜಾನೆ, ನಾಲ್ಕು ದಾರದ ಪಟ

ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಿಂದ ಬಾಗಲಕೋಟೆಯಲ್ಲಿ ಇಳಿದಾಗ ಹೆಗಲ ಮೇಲಿನ ಉದ್ದನೆಯ ಚೀಲ ನೋಡಿ ಆಟೋದವರು ಕೇಳಿದರು, "ಮೀನ ಹಿಡ್ಯಾಕ ಬಂದೀರೇನ್ರಿ?" ಹಳೆ ಊರಿನ ಎಷ್ಟೋ ಓಣಿಗಳನ್ನು ನುಂಗಿದ ಆಲಮಟ್ಟಿ ಹಿನ್ನೀರು ಪಕ್ಕದಲ್ಲೇ ಇರುವಾಗ ಅದು ತಪ್ಪು ಊಹೆಯೇನಲ್ಲ. ಆದರೆ ಚೀಲದಲ್ಲಿ ಇದ್ದದ್ದು ಎರಡು ಗಾಳಿಪಟ.

ವಿದ್ಯಾಗಿರಿಯ ಗೆಳೆಯ ಓದಿದ್ದು ಅಲ್ಲೇ, 1963ರಲ್ಲಿ ಶುರುವಾದ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜಿನಲ್ಲಿ. ರಾತ್ರಿ ಅವನ ಮನೆಯ ಪಡಸಾಲೆಯಲ್ಲಿ ಪಟ ಹರವಿದೆ. ಅವನ ಅವ್ವನ ತವರು ಇಳಕಲ್ಲು. ಅರಿವೆಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದರು. "ಪಾಲಿಸ್ಟರ್ ಏನ್ ತಮ್ಮಾ? ನಮ್ಮ ಸೆರಗಿನಕಿಂತ ಹಗುರ ಐತಲ್ಲೊ!" ದಾರದ ತುದಿಯ ಕುಣಿಕೆಯನ್ನು ಪಟದ ಗಂಟಿಗೆ ಸಿಕ್ಕಿಸಿದಾಗ ನಕ್ಕರು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲು ಸೇರಿಸುವುದೂ ಹೀಗೇ, ಕುಣಿಕೆಯೊಳಗೆ ಕುಣಿಕೆ ಹಾಕಿ. ಅದಕ್ಕೆ ಅವರು ಕೊಂಡಿ ಎನ್ನುತ್ತಾರೆ. ನಾನೂ ಅಂದಿನಿಂದ ಹಾಗೇ ಅನ್ನುತ್ತೇನೆ.

ಈ ಜಾತಿಯ ಪಟವನ್ನು ಕಳೆದ ಶತಮಾನದ ಎಂಬತ್ತರ ದಶಕದ ಕೊನೆಗೆ ಅಮೆರಿಕದ ಸ್ಯಾನ್ ಡಿಯಾಗೋದ ಹಾಡ್ಜಿಕಿ ಸಹೋದರರು 'ರೆವಲ್ಯೂಷನ್' ಹೆಸರಲ್ಲಿ ತಂದರು. ಐದು ಕಾರ್ಬನ್ ಕಡ್ಡಿ, ನಾಲ್ಕು ದಾರ, ಎರಡು ಹಿಡಿಕೆ. ಹಿಡಿಕೆಯ ಮೇಲಿನ ದಾರ ಎಳೆದರೆ ಮುನ್ನುಗ್ಗುತ್ತದೆ, ಕೆಳಗಿನದನ್ನು ಎಳೆದರೆ ನಿಲ್ಲುತ್ತದೆ, ಹಿಂದಕ್ಕೂ ಬರುತ್ತದೆ.

ಮಾರನೆಯ ಮುಂಜಾನೆ, ಡಿಸೆಂಬರಿನ ಆರೂವರೆ. ಮೈದಾನದ ಅಂಚಿನ ಚಹಾದಂಗಡಿಯ ಹೊಗೆ ಗೆರೆ ಎಳೆದಂತೆ ನೆಟ್ಟಗೆ ಏರುತ್ತಿತ್ತು. ಗಾಳಿಯ ಬಲ ಅಳೆಯುವ ಬೋಫರ್ಟ್ ಮಾಪನದಲ್ಲಿ ಇದು ಸೊನ್ನೆ. ಎರಡರಲ್ಲಿ ಯಾವ ಪಟ? ಒಂಬತ್ತಡಿಯದಕ್ಕೆ ಅರಿವೆ ಹೆಚ್ಚು, ಹೊಗೆ ತುಸು ಬಾಗುವಷ್ಟು ಗಾಳಿ ಇದ್ದರೂ ಅದೇ ರಾಜ. ಆದರೆ ಪೂರಾ ಸೊನ್ನೆಯಲ್ಲಿ ಗಾಳಿ ಹುಟ್ಟಿಸಬೇಕಾದ್ದು ನಮ್ಮ ಕಾಲು. ಆಗ ಚಿಕ್ಕದೇ ಮೇಲು, ನಮ್ಮ ಹೆಜ್ಜೆಗೆ ತಕ್ಷಣ ಓಗೊಡುತ್ತದೆ. ಮೂವತ್ತಡಿಯ ಕೂದಲೆಳೆಯಂಥ ದಾರ ಸಾಕು. ಉದ್ದ ದಾರ ತನ್ನ ಭಾರಕ್ಕೇ ಜೋತುಬಿದ್ದು ಪಟವನ್ನೂ ಎಳೆಯುತ್ತದೆ.

"ಗಾಳಿನ ಇಲ್ರಿ, ಪತಂಗ ಹ್ಯಾಂಗ ಹಾರತೈತಿ?" ವಾಲಿಬಾಲ್ ಬಿಟ್ಟು ಬಂದ ಹುಡುಗರ ಪ್ರಶ್ನೆ.

ಹಿಂದಕ್ಕೆ ಮೂರು ಹೆಜ್ಜೆ ಇಟ್ಟೆ. ಪಟ ನೆಲ ಬಿಟ್ಟಿತು! ಸದ್ದಿಲ್ಲ, ಪಟಪಟವೂ ಇಲ್ಲ. ಎಷ್ಟು ಸಲ ಹಾರಿಸಿದರೂ ಈ ಗಳಿಗೆಗೆ ನನ್ನ ಎದೆ ಜುಮ್ಮೆನ್ನುತ್ತದೆ. ತಲೆಯ ಮೇಲೆ ಬಂದಾಗ ದಾರ ಸಡಿಲಿಸಿದೆ. ಅದು ಅಡ್ಡ ಮಲಗಿ ಹದ್ದಿನಂತೆ ದೂರ ತೇಲಿತು, ನಾನು ಅದರ ಹಿಂದೆಯೇ ಮುಂದಕ್ಕೆ ನಡೆದೆ. ಹಿಂದೆ ಸರಿದು ಖರ್ಚಾದ ಜಾಗ ಹೀಗೆ ವಾಪಸು ಸಿಗುತ್ತದೆ, ಇದು ಗೊತ್ತಿಲ್ಲದವರು ಹಿಂಬದಿಯ ಕಾಂಪೌಂಡಿಗೆ ಬೆನ್ನು ಹಚ್ಚಿ ನಿಲ್ಲುತ್ತಾರೆ (ನಾನೂ ನಿಂತವನೇ). ಆಮೇಲೆ ಸುತ್ತಲೂ ನಡೆದೆ. ಪಟ ಗಾಣದೆತ್ತಿನಂತೆ ನನ್ನನ್ನು ಸುತ್ತಿತು. ಯಾವ ದಿಕ್ಕಾದರೂ ಅದಕ್ಕೆ ಒಂದೇ, ಗಾಳಿಗೇ ದಿಕ್ಕಿರಲಿಲ್ಲವಲ್ಲ.

ಒಬ್ಬ ಹುಡುಗನಿಗೆ ಹಿಡಿಕೆ ಕೊಟ್ಟೆ. ಮಾಂಜಾದ ರೂಢಿ, ಜಗ್ಗಿದ. ಬಿತ್ತು. "ಜಗ್ಗಬ್ಯಾಡ, ನಡಿ" ಎಂದೆ. ನಾಲ್ಕನೆಯ ಸಲಕ್ಕೆ ಅವನ ಆಳೆತ್ತರ ಏರಿತು. ಉಳಿದವರೆಲ್ಲ ಮಾತೇ ನಿಲ್ಲಿಸಿದರು.

ಎಂಟೂವರೆಗೆ ಹಿನ್ನೀರಿನ ಕಡೆಯಿಂದ ಗಾಳಿ ಬಂತು. "ಈಗ ಬಿಡ್ರಿ ಸರ, ಗಾಳಿ ಬಂತು!" ಹುಡುಗರು ಕುಣಿದರು. ನಾನು ಪಟ ಮಡಚಿದೆ. ಅಷ್ಟು ಗಾಳಿಗೆ ಆ ಕಡ್ಡಿ ತಾಳುವುದಿಲ್ಲ.