125ರ ಜಾಗದಲ್ಲಿ 152

ಅಂತರ ಕೋಷ್ಟಕದ ಮೂರನೇ ಸಾಲಿನಲ್ಲಿ ಎಲ್ಲ ಕಡೆ 6 ಬರಬೇಕಿತ್ತು. ನನಗೆ ಬಂದದ್ದು 6, 33, −75, 87, −21. ಅದು 1982. ಊರಿನ ಹೆಸರು ಆಗ ಕಾಗದಪತ್ರದಲ್ಲೆಲ್ಲ ಬಿಜಾಪುರ. ವಿಜಯಪುರ ಆದದ್ದು 2014ರಲ್ಲಿ. ಬಿ.ಎಸ್ಸಿ. ಎರಡನೇ ವರ್ಷ, 1ರಿಂದ 8ರವರೆಗಿನ ಘನಗಳನ್ನು ಉದ್ದಕ್ಕೆ ಬರೆದು, ಪ್ರತಿಯೊಂದನ್ನೂ ಅದರ ಮುಂದಿನದರಿಂದ ಕಳೆಯುತ್ತ ಹೋಗುವ ಲೆಕ್ಕ. ಸರ್ ಜರ್ನಲ್ ಕೈಗೆ ತಗೊಂಡು ಒಂದು ಕ್ಷಣ ನೋಡಿದರು. "ಐದರ ಘನ ನೋಡೋ ತಮ್ಮಾ," ಅಂದರು. 125ರ ಜಾಗದಲ್ಲಿ ನಾನು 152 ಬರೆದಿದ್ದೆ.

ಅವರಿಗೆ ಹೇಗೆ ಗೊತ್ತಾಯಿತು? ನನ್ನ ಸಾಲಿನ ಕೊನೆಯ ನಾಲ್ಕು ಅಂಕಿಗಳಿಂದ 6 ಕಳೆದರೆ ಉಳಿಯುವುದು 27, −81, 81, −27. ಅಂದರೆ 27ನ್ನು 1, −3, 3, −1ರಿಂದ ಗುಣಿಸಿದ್ದು. ಒಂದೇ ಒಂದು ತಪ್ಪು ಅಂಕಿ ಅಂತರ ಕೋಷ್ಟಕದೊಳಗೆ ದ್ವಿಪದದ ಗುಣಾಂಕಗಳ ಆಕಾರದಲ್ಲಿ ಬೀಸಣಿಗೆಯಂತೆ ಹರಡುತ್ತದೆ. ಬೀಸಣಿಗೆಯ ಹಿಡಿ ಎಲ್ಲಿದೆಯೋ ತಪ್ಪು ಅಲ್ಲಿದೆ. ಆದರೆ ಇದು ಕಾಣಬೇಕಾದರೆ ಅಂಕಿಗಳು ಸರಿಯಾದ ಮನೆಯಲ್ಲಿ ಕೂತಿರಬೇಕು. ಬಿಡಿ ಬಿಡಿಯಾಗಿ ಬರೆದ ಅಂಕಿಗಳಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಆ ಶನಿವಾರ ತಿಕೋಟಾಕ್ಕೆ ಹೋದಾಗ ಅಪ್ಪನಿಗೆ ಹೇಳಿದೆ. ಅಪ್ಪ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಸ್ಕೇಲಿನಿಂದ ಗೆರೆ ಎಳೆಯುತ್ತಿರಲಿಲ್ಲ. ಉದ್ದ ಹಾಳೆಯನ್ನು ಮಡಿಚಿ ಮಡಿಚಿ ಬಿಚ್ಚಿದರೆ ಮಡಿಕೆಯೇ ಗೆರೆ. 27 ಎಂದ ಕೂಡಲೇ ಕೇಳಿದ: "ಒಂಬತ್ತರಿಂದ ಭಾಗ ಹೋಗತೈತಲ್ಲ? ಫರಕು ಒಂಬತ್ತರಿಂದ ಭಾಗ ಹೋದ್ರ ಮೊದಲು ಅಂಕಿ ಅದಲಿ ಬದಲಿ ಆಗ್ಯಾವೇನು ನೋಡಬೇಕು." ಪಕ್ಕಪಕ್ಕದ ಎರಡು ಅಂಕಿ ಸ್ಥಾನ ಬದಲಿಸಿದರೆ ವ್ಯತ್ಯಾಸ ಯಾವಾಗಲೂ 9ರ ಗುಣಕವೇ. ದ್ವಿಪದ ಗುಣಾಂಕ ಅಪ್ಪನಿಗೆ ಗೊತ್ತಿರಲಿಲ್ಲ, ಅಡತಿಯ ಈ ಸೂತ್ರ ಸರ್ ಹೇಳಿಕೊಟ್ಟಿರಲಿಲ್ಲ. ನನಗೆ ಎರಡೂ ಬೇಕಾದವು.

ಬಿಜಾಪುರದಲ್ಲಿ ಬಬಲೇಶ್ವರದ ಗೆಳೆಯನೂ ನಾನೂ ಒಂದೇ ಖೋಲಿ. ಇಬ್ಬರ ನಡುವೆ ಒಂದು ಕ್ಲಾರ್ಕ್ಸ್ ಟೇಬಲ್ ಪುಸ್ತಕ. 2.356ರ ಲಾಗ್ ಬೇಕೆಂದರೆ 23ರ ಸಾಲು, 5ರ ಕಾಲಂ, ಅಲ್ಲಿ 3711, ಬಲಗಡೆಯ ಸರಾಸರಿ ವ್ಯತ್ಯಾಸದಲ್ಲಿ 6ರ ಕೆಳಗೆ 11, ಕೂಡಿಸಿದರೆ 0.3722. ಕೊಸೈನಿಗೆ ಬಂದರೆ ಅದೇ ವ್ಯತ್ಯಾಸವನ್ನು ಕೂಡಿಸಬಾರದು, ಕಳೆಯಬೇಕು. ಆ ಪುಟದಲ್ಲಿ ಎಡವದವರು ನಮ್ಮ ತರಗತಿಯಲ್ಲಿ ಯಾರೂ ಇರಲಿಲ್ಲ. ಆದರೂ ಅಷ್ಟು ಚಿಕ್ಕ ಪುಸ್ತಕದಲ್ಲಿ ಅಷ್ಟು ಅಂಕಿಗಳನ್ನು ಕಣ್ಣು ದಾರಿ ತಪ್ಪದಂತೆ ಜೋಡಿಸಿದ್ದು ದೊಡ್ಡ ಕೆಲಸವೆಂದು ಈಗಲೂ ನಂಬುತ್ತೇನೆ.

ಆ ಕಾಲ ಒಳ್ಳೆಯದಿತ್ತು ಎಂದು ಮಾತ್ರ ಹೇಳಲಾರೆ. ಜರ್ನಲಿನ ಎಡಪುಟದ ಟ್ಯಾಬ್ಯುಲರ್ ಕಾಲಂ ಅಂದವಾಗಿದ್ದರೆ ಅಂಕ ಬೀಳುತ್ತಿತ್ತು. ಹಾಗಾಗಿ ಅರ್ಧ ತರಗತಿ ಒಬ್ಬನ ಕೋಷ್ಟಕವನ್ನು, ಅವನ ತಪ್ಪಿನ ಸಮೇತ, ಚೆಂದಾಗಿ ನಕಲು ಮಾಡುತ್ತಿತ್ತು. ಐದು ಹೆಜ್ಜೆಯ ಲೆಕ್ಕಕ್ಕೆ ಒಂದು ಮಧ್ಯಾಹ್ನ ಹೋಗುತ್ತಿತ್ತು. ಆರನೇ ಹೆಜ್ಜೆಯಲ್ಲಿ ಏನಾಗುತ್ತದೆ ಎಂದು ಕೇಳುವ ಶಕ್ತಿ ಯಾರಲ್ಲೂ ಉಳಿಯುತ್ತಿರಲಿಲ್ಲ.

ಮುಂದೆ ನಾನೂ ಗಣಿತ ಕಲಿಸಿದೆ. ರಾಜ್ಯದ ವಿಶ್ವವಿದ್ಯಾಲಯಗಳ ಬಿ.ಎಸ್ಸಿ. ಪ್ರಾಯೋಗಿಕಕ್ಕೆ ಸೈಲ್ಯಾಬ್, ಮ್ಯಾಕ್ಸಿಮಾ, ಆಮೇಲೆ ಪೈಥಾನ್ ಬಂದವು. ಮ್ಯಾಕ್ಸಿಮಾದ ಮೂಲ 1968ರಲ್ಲಿ ಅಮೆರಿಕದ ಎಂಐಟಿಯಲ್ಲಿ ಶುರುವಾದ ಮ್ಯಾಕ್‌ಸಿಮಾ (Macsyma) ಎಂಬ ಹಳೆಯ ತಂತ್ರಾಂಶ. ವಿಲಿಯಂ ಶೆಲ್ಟರ್ ಎಂಬ ಗಣಿತದ ಪ್ರಾಧ್ಯಾಪಕರು ಅದರ ಒಂದು ಪ್ರತಿಯನ್ನು 1982ರಿಂದ ಜೋಪಾನ ಮಾಡಿ, 1998ರಲ್ಲಿ ಮುಕ್ತ ಪರವಾನಗಿಯಡಿ ಹಂಚಲು ಅನುಮತಿ ಪಡೆದರು, 2001ರಲ್ಲಿ ತೀರಿಕೊಂಡರು. ನಾನು ಬಿಜಾಪುರದಲ್ಲಿ ಪೆನ್ಸಿಲ್ ಹಿಡಿದು ಕೂತಿದ್ದ ವರ್ಷವೇ ಅವರು ಆ ಕೆಲಸಕ್ಕೆ ಕೂತಿದ್ದರು. ನಮ್ಮ ಕಡೆಯ ಮಕ್ಕಳು ಒಂದು ಪೈಸೆ ಕೊಡದೆ ಬೀಜಗಣಿತ ಮಾಡುವ ಯಂತ್ರವನ್ನು ಬಳಸುತ್ತಿರುವುದಕ್ಕೆ ಅವರು ಕಾರಣ.

ಈಗ ಅಣ್ಣನ ಮೊಮ್ಮಗಳು ತಿಕೋಟಾದಿಂದ ದಿನಾ ಬಸ್ಸಿನಲ್ಲಿ ವಿಜಯಪುರಕ್ಕೆ ಬಂದು ಬಿ.ಎಸ್ಸಿ. ಓದುತ್ತಾಳೆ. ಹೋದ ವರ್ಷ ಆಯ್ಲರ್ ವಿಧಾನದ ಲೆಕ್ಕ ತಂದು ತೋರಿಸಿದಳು: ಎಕ್ಸ್ ಮತ್ತು ವೈ ಕೂಡಿಸಿದಷ್ಟು ಇಳಿಜಾರು, ಆರಂಭದಲ್ಲಿ ವೈ 1, ಹೆಜ್ಜೆ ಹತ್ತನೇ ಒಂದು. ನೋಟ್‌ಬುಕ್ಕಿನ ಸೆಲ್ಲಿನಲ್ಲಿ ಉತ್ತರ ಒಂದೇ ಸಾಲಾಗಿ, ಕಂಸದೊಳಗೆ ಕಂಸವಾಗಿ ಬಿದ್ದಿತ್ತು: 11/10, 61/50, 681/500, 7641/5000, 86051/50000.

"ಉತ್ತರ ಕರೆಕ್ಟ್ ಐತಿ ಮುತ್ಯಾ," ಅಂದಳು.

ಕರೆಕ್ಟೇ. ಹೆಜ್ಜೆಯನ್ನು 0.1 ಎನ್ನದೆ 1/10 ಎಂದು ಕೊಟ್ಟಿದ್ದರಿಂದ ಮ್ಯಾಕ್ಸಿಮಾ ಭಿನ್ನರಾಶಿಯನ್ನು ಭಿನ್ನರಾಶಿಯಾಗಿಯೇ ಉಳಿಸಿಕೊಂಡಿತ್ತು. ಕ್ಲಾರ್ಕ್ಸ್ ಟೇಬಲ್ಲಿಗೆ ಎಂದೂ ಸಾಧ್ಯವಿರದ ನಿಖರತೆ ಅದು. ಆದರೆ ಅದನ್ನು ಓದಿ ಏನು ತಿಳಿಯಬೇಕು? ಟೇಬಲ್ ಫಾರ್ಮ್ ಎಂಬ ಆಜ್ಞೆ ಹಾಕಿ, ಕಾಲಮ್ಮುಗಳಿಗೆ ಹೆಸರು ಕೊಟ್ಟು, ಪಕ್ಕದಲ್ಲಿ ನಿಜವಾದ ಬೆಲೆಯ ಕಾಲಮ್ಮನ್ನೂ ಇಟ್ಟೆವು. 0.5ರಲ್ಲಿ ಆಯ್ಲರ್ 1.7210, ನಿಜ 1.7974. ಪ್ರತಿ ಸಾಲಿಗೂ ಅಂತರ ಬೆಳೆಯುತ್ತಿರುವುದು ಆಗ ಕಂಡಿತು. ಆ ವಿಧಾನದ ಪಾಠ ಇರುವುದೇ ಆ ಅಂತರದಲ್ಲಿ.

ದಶಾಂಶಕ್ಕೆ ಇಳಿದ ಮೇಲೆ ಇನ್ನೊಂದು ಕಷ್ಟ. ಐದು ಅಂಕಿ ಮಾತ್ರ ತೋರಿಸು ಎಂದರೆ ಮ್ಯಾಕ್ಸಿಮಾ ಎಣಿಸುವುದು ಸಾರ್ಥಕ ಅಂಕಿಗಳನ್ನು, ಬಿಂದುವಿನ ಬಲಗಡೆಯ ಮನೆಗಳನ್ನಲ್ಲ. ಕೊನೆಯ ಸೊನ್ನೆಗಳು ಉದುರುತ್ತವೆ, 1.1ರ ಕೆಳಗೆ 1.22, ಅದರ ಕೆಳಗೆ 1.362. ನಾಲ್ಕು ಮನೆ ಕಡ್ಡಾಯ ಬೇಕೆಂದರೆ ಪ್ರಿಂಟ್‌ಎಫ್‌ಗೆ ಅಗಲವನ್ನೂ ಮನೆಗಳನ್ನೂ ಬರೆದು ಕೊಡಬೇಕು. ಮತ್ತೆ ಮತ್ತೆ ನಾನು ಹೇಳಿದ್ದು ಒಂದು: ತೋರಿಸುವ ರೂಪ ಬೇರೆ, ಲೆಕ್ಕದ ಬೆಲೆ ಬೇರೆ. ಕೋಷ್ಟಕಕ್ಕೆ ಚೆಂದ ಮಾಡಿದ್ದನ್ನೇ ಮುಂದಿನ ಲೆಕ್ಕಕ್ಕೆ ಕೊಡಬೇಡ. ಮ್ಯಾಥಮ್ಯಾಟಿಕಾದಲ್ಲಿ ಮ್ಯಾಟ್ರಿಕ್ಸ್ ಫಾರ್ಮ್ ಹಾಕಿದ್ದನ್ನೇ ಹೆಸರಿಟ್ಟು ಇಟ್ಟುಕೊಂಡು, ಆಮೇಲೆ ಗುಣಾಕಾರ ಆಗುತ್ತಿಲ್ಲವೆಂದು ಒದ್ದಾಡಿದ ವಿದ್ಯಾರ್ಥಿಗಳನ್ನು ಕಂಡಿದ್ದೇನೆ.

ಪ್ರಾಜೆಕ್ಟಿಗೆ ಅವಳು ಮನೆಯ ಕೆಲಸವನ್ನೇ ಆರಿಸಿಕೊಂಡಳು. ತಿಕೋಟಾದ ಶೆಡ್ಡುಗಳಲ್ಲಿ ದ್ರಾಕ್ಷಿಯನ್ನು ದ್ರಾವಣದಲ್ಲಿ ಅದ್ದಿ ಬಲೆಯ ಮೇಲೆ ನೆರಳಿನಲ್ಲಿ ಒಣಗಿಸುತ್ತಾರೆ; ಸುಮಾರು ನಾಲ್ಕು ಕಿಲೋಗೆ ಒಂದು ಕಿಲೋ ಒಣದ್ರಾಕ್ಷಿ. ನಾಲ್ಕು ಕಿಲೋ ಬೇರೆ ಇಟ್ಟು ದಿನಾ ಬೆಳಿಗ್ಗೆ ತೂಗಿಸಿದಳು. ಪೈಥಾನಿನಲ್ಲಿ ಕನ್ನಡ ತಲೆಬರಹ ಕೊಟ್ಟಾಗ ಕಾಲಂ ಸೊಟ್ಟಗಾಯಿತು. "ದ್ರಾಕ್ಷಿ" ನಮಗೆ ಎರಡು ಅಕ್ಷರ, ಪೈಥಾನಿಗೆ ಎಂಟು: ಒತ್ತು, ಕಾಗುಣಿತ ಎಲ್ಲವನ್ನೂ ಬಿಡಿಸಿ ಎಣಿಸಿ ಅಷ್ಟು ಜಾಗ ಹಿಡಿಯಿತೆಂದು ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಬರೆದುಬಿಡುತ್ತೇನೆ ಅಂದಳು. ಬೇಡ ಅಂದೆ. ಅಂಕಿಗಳನ್ನು ಜಾಗ ಎಣಿಸಿ ಜೋಡಿಸುವುದು ಬಿಟ್ಟು, ನಿಜವಾದ ಗೆರೆ ಮನೆಗಳಿರುವ ಕೋಷ್ಟಕಕ್ಕೆ ಹಾಕಿದೆವು. ಕನ್ನಡ ಸರಿಯಾಗಿ ಕೂತಿತು.

ಆಮೇಲೆ ಎರಡು ಅಂತರದ ಕಾಲಂ ಸೇರಿಸಲು ಹೇಳಿದೆ. ತೂಕ ಗ್ರಾಮಿನಲ್ಲಿ 4000, 3410, 2930, 2450, 2220, 1960. ಎರಡನೇ ಅಂತರ: 110, 0, 250, −30.

ಅವಳು ಪರದೆಯನ್ನು ಬಹಳ ಹೊತ್ತು ನೋಡಿದಳು. ನಾನು ಬಾಯಿ ಬಿಡಲಿಲ್ಲ. "ನಾಲ್ಕನೇದು," ಅಂದಳು. ಕಾಕಾನಿಗೆ ಫೋನ್ ಹಚ್ಚಿದಳು. ಶೆಡ್ಡಿನ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟದ್ದನ್ನು ಅವ ಓದಿದ: 2540. ಫರಕು 90.

ಒಂದು ಅಂಕಿ ತಿದ್ದಿ ಎಲ್ಲ ಸೆಲ್ಲುಗಳನ್ನು ಮತ್ತೆ ಓಡಿಸಿದಳು. 110, 90, 70, 60.