ಕಿಳ್ಳೇಕ್ಯಾತನ ಮಾತು

ವಿನೋದವೆಂದರೆ ವ್ಯರ್ಥ ಕಾಲಹರಣವೆಂದು ಓದುಬಲ್ಲವರು ಎಣಿಸುವದುಂಟು. ಆದರೆ ಜನರು ಯಾವದಕ್ಕೆ ನಗುವರೆಂಬದನ್ನು ಅರಿಯದವನು ಜನರನ್ನು ಅರಿತಂತಾಗದು. ಲಿಂಗಸೂಗೂರಿನ ನಿವೃತ್ತ ಶಿಕ್ಷಕರೊಬ್ಬರಿಗೆ ಈ ಮಾತು ಇಳಿವಯಸ್ಸಿನಲ್ಲಿ, ಅದೂ ಕಡಲಾಚೆಯ ಜಾವಾ ದ್ವೀಪದ ದೆಸೆಯಿಂದ, ಮನದಟ್ಟಾಯಿತು.

ಒಂದು ರಾತ್ರಿ ಅವರ ಮೊಮ್ಮಗನು ಆ ನಾಡಿನ ‘ವಾಯಾಂಗ್ ಕುಲಿತ್’ ಎಂಬ ತೊಗಲುಗೊಂಬೆಯ ಆಟವನ್ನು ಮೊಬೈಲಿನಲ್ಲಿ ತೋರಿಸಿದನು. ಎಮ್ಮೆಯ ತೊಗಲಿನಲ್ಲಿ ಕೊರೆದ ಪಾಂಡವರು ಪರದೆಯ ಮೇಲೆ ನೆರಳಾಗಿ ಸುಳಿಯುತ್ತಿದ್ದರು. ‘ದಾಲಾಂಗ್’ ಎಂಬ ಒಬ್ಬನೇ ಸೂತ್ರಧಾರನು ಎಲ್ಲರ ಮಾತನ್ನೂ ಆಡುತ್ತಿದ್ದನು. ನಡುವೆ, ವ್ಯಾಸರ ಭಾರತದಲ್ಲಿಲ್ಲದ ಸೆಮಾರ್, ಗಾರೆಂಗ್, ಪೆತ್ರುಕ್, ಬಾಗೊಂಗ್ ಎಂಬ ಸೇವಕರು ಬಂದರು. ಇವರು ಅರಸರ ಗಂಭೀರ ಭಾಷೆಯನ್ನು ಬಿಟ್ಟು ಆಡುಮಾತಿನಲ್ಲಿ ಇಂದಿನ ಸುದ್ದಿಯನ್ನು ನುಡಿಯುವ ಹಾಸ್ಯಗಾರರು. ಮಾತು ತಿಳಿಯದಿದ್ದರೂ ನೆರೆದವರ ನಗೆಯು ಶಿಕ್ಷಕರಿಗೆ ತಿಳಿಯಿತು. ಯೋಗ್ಯಕರ್ತದ ಕಿ ಸೆನೊ ನುಗ್ರೊಹೊ ಎಂಬ ದಾಲಾಂಗರು ಬಾಗೊಂಗನನ್ನೇ ಮುಂದುಮಾಡಿ, ಯೂಟ್ಯೂಬಿನಲ್ಲಿ ತಮ್ಮ ಆಟವನ್ನು ನೇರವಾಗಿ ತೋರಿಸಿ, 2020ರಲ್ಲಿ ತೀರಿಕೊಳ್ಳುವ ವರೆಗೂ ತರುಣರನ್ನು ರಂಜಿಸಿದರು.

“ತಾತಾ, ನಮ್ಮ ಕಡೆ ಇಂಥ ಆಟ ಇದ್ದಿಲ್ಲೇನು?” ಎಂದು ಹುಡುಗನು ಕೇಳಿದನು.

ವೃದ್ಧರು ಸುಮ್ಮನಾದರು. ಇತ್ತು. ಹದಮಾಡಿದ ಆಡಿನ ತೊಗಲಿಗೆ ಬಣ್ಣವಿಟ್ಟು, ಹಿಂದೆ ದೀಪವಿರಿಸಿ ರಾಮಾಯಣವನ್ನಾಡಿಸುವ ಶಿಳ್ಳೇಕ್ಯಾತರು ಹಳ್ಳಿಹಳ್ಳಿಗೆ ಬರುತ್ತಿದ್ದರು. ಮನೆಯಲ್ಲಿ ಮರಾಠಿಯ ಒಂದು ಬಗೆಯನ್ನಾಡುವ, ಮೀನು ಹಿಡಿದೂ ಬದುಕುವ ಈ ಜನರು ಪರದೆಯ ಹಿಂದೆ ಅಚ್ಚ ಕನ್ನಡಿಗರು. ರಾಮನು ಗ್ರಂಥದ ಮಾತನ್ನಾಡಿದರೆ ಕಿಳ್ಳೇಕ್ಯಾತನೂ ಅವನ ಹೆಂಡತಿ ಬಂಗಾರಕ್ಕನೂ ಓಣಿಯ ಮಾತನ್ನಾಡಿ ಗೌಡ ಸಾಹುಕಾರರನ್ನೂ ಬಿಡುತ್ತಿರಲಿಲ್ಲ.

ಶಿಕ್ಷಕರು ಮಸ್ಕಿಯ ಹತ್ತಿರದ ಹಳ್ಳಿಯಲ್ಲಿದ್ದಾಗ ಒಂದು ಮೇಳವು ಶಾಲೆಯ ಬಯಲಿನಲ್ಲಿ ಒಂದು ರಾತ್ರಿ ಆಡಲು ಅಪ್ಪಣೆ ಬೇಡಿತ್ತು. ಕಿಳ್ಳೇಕ್ಯಾತನ ಮಾತು ಹೊಲಸೆಂದೂ ಮಕ್ಕಳು ಕೆಡುವರೆಂದೂ ಅವರು ಒಪ್ಪಲಿಲ್ಲ. ಮೇಳವು ಗೊಂಬೆಗಳ ಗಂಟನ್ನು ಹೊತ್ತು ಸಿಂಧನೂರಿನ ಹಾದಿ ಹಿಡಿಯಿತು, ಮರಳಿ ಬರಲಿಲ್ಲ. ಮಸ್ಕಿಯಲ್ಲಿ 1915ರಲ್ಲಿ ದೊರೆತ ಅಶೋಕನ ಶಾಸನವನ್ನು ತೋರಿಸಿ, ಚಕ್ರವರ್ತಿಯೇ ಪಂಡಿತರ ಸಂಸ್ಕೃತವನ್ನು ಬಿಟ್ಟು ಪ್ರಾಕೃತದಲ್ಲಿ ಬರೆಯಿಸಿದನೆಂದು ವರ್ಷವರ್ಷವೂ ಮಕ್ಕಳಿಗೆ ಹೊಗಳಿ ಹೇಳಿದವರು ಇವರೇ! ದೊರೆಗೆ ಸಲ್ಲಿಸಿದ ಆ ಮನ್ನಣೆಯನ್ನು ಗೊಂಬೆಯವನಿಗೆ ಸಲ್ಲಿಸಲಿಲ್ಲ.

ಸಿನೆಮಾ, ದೂರದರ್ಶನಗಳು ಬಂದು ನಮ್ಮ ಆಟವು ಹೋಯಿತೆನ್ನುವದು ವಾಡಿಕೆ. ಜಾವಾದಲ್ಲಿಯೂ ಅವೆಲ್ಲ ಬಂದವು. ಆದರೆ ಅಲ್ಲಿ ಅರಮನೆಯವರೂ ಓದಿದವರೂ ಪರದೆಯ ಮುಂದಿನಿಂದ ಎದ್ದುಹೋಗಲಿಲ್ಲ. 2003ರಲ್ಲಿ ಯುನೆಸ್ಕೋ ಸಂಸ್ಥೆಯೂ ಆ ಕಲೆಯನ್ನು ಮನ್ನಿಸಿತು. ನಮ್ಮಲ್ಲಿಯೂ ದೀಪವು ಪೂರ್ಣ ಆರಿಲ್ಲ. 1997ರ ವರೆಗೆ ರಾಯಚೂರು ಜಿಲ್ಲೆಯಲ್ಲಿಯೇ ಇದ್ದ ಕೊಪ್ಪಳದ ಕಡೆಯ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರಿಗೆ 2025ರಲ್ಲಿ ಪದ್ಮಶ್ರೀ ಸಂದಿದೆ.

“ಇತ್ತಪ್ಪಾ, ನಾನೇ ಬ್ಯಾಡಂದೆ,” ಎಂದು ಶಿಕ್ಷಕರು ಕೊನೆಗೆ ಹೇಳಿದರು. ಮೇಳವೊಂದನ್ನು ಕರೆಯಿಸುವದಕ್ಕಾಗಿ ಅದೇ ಶಾಲೆಯ ಬಯಲನ್ನು ಒಂದು ರಾತ್ರಿಯ ಮಟ್ಟಿಗೆ ಬೇಡಿ ಈಗ ಅವರೇ ಅರ್ಜಿ ಬರೆದಿದ್ದಾರೆ.